ಚೆನ್ನಕೇಶವ ಮಾಸ್ಟ್ರ ಜಗಲಿಯ ಅಭ್ಯಾಸ

ಕಡಬದ ಆಚೆಗಿನ ಒಂದು ಹೈಯರ್ ಎಲಿಮೆಂಟರಿ ಶಾಲೆಗೆ ಡ್ರಿಲ್ ಮಾಸ್ಟ್ರಾಗಿ ಬಂದಾಗ ಚೆನ್ನಕೇಶವರ ಬಳಿ ಇದ್ದದ್ದು ಒಂದು ಟ್ರಂಕು, ಒಂದು ಪೀಪಿ ಮತ್ತು ಇಡೀ ಮೈದಾನವನ್ನು ನಿಲ್ಲಿಸಬಲ್ಲ ಗಂಟಲು. ಆಲೆಟ್ಟಿಯ ಬೇಸಾಯದ ಮನೆಯ ಕಿರಿಮಗ. ಮದ್ರಾಸಿನಲ್ಲಿ ವ್ಯಾಯಾಮದ ತರಬೇತಿ ಮುಗಿಸಿ ಊರಿಗೆ ಬಂದಾಗ ಅಣ್ಣಂದಿರು ನಕ್ಕಿದ್ದರಂತೆ. ಗದ್ದೆಯಲ್ಲಿ ಸೊಂಟ ಬಗ್ಗಿಸಲು ಆಗದವನು ಇನ್ನು ಊರ ಮಕ್ಕಳ ಸೊಂಟ ಬಗ್ಗಿಸಿ ಸಂಬಳ ತಿನ್ನುತ್ತಾನೆ ಎಂದು. ಆ ನಗು ಅವರ ಮನಸ್ಸಿನಲ್ಲಿ ಮುಳ್ಳು ಮುರಿದಂತೆ ಉಳಿದುಬಿಟ್ಟಿತ್ತು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಚಪ್ಪಾಳೆ ಎಂದರೆ ಒಳ್ಳೆಯವರ ಕಿವಿಯೂ ನಿಮಿರುತ್ತದೆ.

ಆ ಕಾಲದ ಡ್ರಿಲ್ ಎಂದರೆ ಎಣಿಕೆ. ಒಂದು ಎಂದರೆ ಕೈ ಮೇಲೆ, ಎರಡು ಎಂದರೆ ನೆಲಕ್ಕೆ. ಎಣಿಕೆಗೆ ಸಿಗದವರು ಬದಿಗೆ ಹೋಗಬೇಕು. ಉಬ್ಬಸದವನು, ಕುಂಟುವವಳು, ಬೆಳಿಗ್ಗೆ ಗಂಜಿ ಕಾಣದೆ ಗುಡ್ಡ ಇಳಿದು ಬಂದವನು, ಇವರೆಲ್ಲ ಹಲಸಿನ ಮರದ ಬುಡದಲ್ಲಿ ಕೂತು ಉಳಿದವರ ಬುತ್ತಿ ಕಾಯುವುದು ರೂಢಿ. ಹಾಗೆ ಕಾಯುವವರಲ್ಲಿ ಸಿಸಿಲಿ ಎಂಬ ಹುಡುಗಿಯೂ ಇದ್ದಳು. ತಿರುವಾಂಕೂರಿನ ಕಡೆಯಿಂದ ಬಂದು ಕಾಡು ಕಡಿದು ರಬ್ಬರ್ ಹಾಕಿದ ಮಾಣಿ ಎಂಬವನ ಮಗಳು. ಎಳವೆಯಲ್ಲಿ ಬಂದ ಒಂದು ಜ್ವರ ಅವಳ ಬಲಗಾಲನ್ನು ಒಣಗಿಸಿ ಹೋಗಿತ್ತು.

ಒಂದು ದಿನ ಅವಳು ಎದ್ದು ಬಂದು, "ಸಾರ್, ನಾನು ಅಲ್ಲೇ ಕೂತು ಕೈ ಮಾತ್ರ ಎತ್ತಬಹುದಾ?" ಎಂದು ಕೇಳಿದಳು.

"ಬೇಡ. ಸಾಲು ಕೆಡ್ತದೆ," ಎಂದರು ಮಾಸ್ಟ್ರು.

ಹೇಳುವಾಗ ಸರಿಯಾಗಿಯೇ ಕೇಳಿಸಿದ ಮಾತು ಮನೆಗೆ ಬಂದು ಊಟಕ್ಕೆ ಕೂತಾಗ ಸರಿಯೆನಿಸಲಿಲ್ಲ. ಹೆಂಡತಿ ಪೂವಮ್ಮನಿಗೆ ಹೇಳಿದರು. ಅವಳು ಸಾರು ಬಡಿಸುತ್ತ, "ಸಾಲು ಕೆಟ್ರೆ ಎಂತ ಆಗ್ತದೆ? ನೆಟ್ಟ ನೇಜಿಯ ಸಾಲು ಸೊಟ್ಟ ಆದ್ರೂ ಭತ್ತ ಬೆಳೀತದೆ," ಎಂದಳು.

ಮರುವಾರದಿಂದ ಶಾಲೆಯ ಗಂಟೆ ಹೊಡೆಯುವ ಮೊದಲು, ಶಾಲೆಯ ಉದ್ದ ಜಗಲಿಯಲ್ಲಿ ಚಾಪೆ ಹಾಸಿ ಬೇರೆಯೇ ಒಂದು ತರಗತಿ ಶುರುವಾಯಿತು. ಯಾರು ಬೇಕಾದರೂ ಬರಬಹುದು. ಆಸನಗಳೇ ಆದರೂ ಸೂರ್ಯನಮಸ್ಕಾರ ಎಂದರೆ ಕೆಲವರು ಬರಲಾರರು ಎಂದು ಮಾಸ್ಟ್ರು ಅದನ್ನು ಬರೀ 'ಅಭ್ಯಾಸ' ಎಂದು ಕರೆದರು. ಮೊದಲು ಬಂದ ದೊಡ್ಡವರೆಂದರೆ ಒಣಮೀನಿನ ವ್ಯಾಪಾರದ ಆದಂ ಕುಂಞಿ ಬ್ಯಾರಿ. ಅವರದು ಹಳೆಯ ಉಬ್ಬಸ. ನಾಲ್ಕು ಹೆಜ್ಜೆ ಇಟ್ಟರೆ ಎದೆಯೊಳಗೆ ಹಕ್ಕಿ ಕೂಗುತ್ತಿತ್ತು.

"ನೆಲಕ್ಕೆ ಹಣೆ ಮುಟ್ಟಿಸ್ಲಿಕ್ಕೆ ನನಗೆ ಕಲಿಸುದು ಬೇಡ ಮಾಸ್ಟ್ರೆ, ಅದು ದಿನಾ ಐದು ಹೊತ್ತು ಉಂಟು. ಏಳುವಾಗ ಉಸಿರು ಹಿಂದೆ ಉಳೀತದಲ್ಲ, ಅದನ್ನು ಮೇಲೆ ತರ್ಲಿಕ್ಕೆ ಎಂತ ಮಾಡುದು ಹೇಳಿ," ಎಂದರು ಅವರು.

ಅವರ ಹಿಂದೆಯೇ ಡೊಂಬಯ್ಯ ಬಂದ. ಬಂದ ಎನ್ನುವುದಕ್ಕಿಂತ ಕೋಲು ಅವನನ್ನು ಎಳೆದು ತಂದಿತು ಎನ್ನಬೇಕು. ಬೆಳ್ಯಪ್ಪ ಗೌಡರ ತೋಟದಲ್ಲಿ ಅಡಿಕೆ ಮರ ಹತ್ತುವ ಕೆಲಸ ಅವನದು. ಎರಡು ವರ್ಷದ ಹಿಂದೆ ಮರದಿಂದ ಬಿದ್ದು ಬೆನ್ನು ಮುರಿದುಕೊಂಡಿದ್ದ. ನಾಟಿ ವೈದ್ಯರು ಎಣ್ಣೆ ಹಾಕಿ ಕಟ್ಟಿ ಬಿಚ್ಚಿ ಮಾಡಿದ್ದರು, ಬೆನ್ನು ಹಲಗೆಯಾಗಿತ್ತು. ವಾಸ ಗೌಡರ ಜಾಗದ ಬಿಡಾರದಲ್ಲಿ. ಹೆಂಡತಿ ಸೇಸಮ್ಮ ಗೌಡರ ಮನೆಯ ಕೊಟ್ಟಿಗೆ, ಅಂಗಳ ನೋಡಿಕೊಳ್ಳುತ್ತಿದ್ದಳು. ಬಿದ್ದವನಿಗೆ ಗೌಡರು ಗಂಜಿಯ ಅಕ್ಕಿ ತಪ್ಪಿಸಿರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಕೆಟ್ಟ ಧಣಿಯ ಕತೆ ಇದಲ್ಲ. ಆಗಿದ್ದರೆ ಎಷ್ಟು ಸುಲಭವಿತ್ತು.

ಮೊದಮೊದಲು ಜಗಲಿಯಲ್ಲಿ ಬರೀ ಗೊಂದಲ. ಎಣಿಸಿದರೆ ಆದಂ ಕುಂಞಿ ಬ್ಯಾರಿಗಳ ಉಸಿರು ಹಿಂದೆ ಬೀಳುತ್ತಿತ್ತು. ಎಣಿಸದಿದ್ದರೆ ಗಟ್ಟಿ ಮೈಯ ಮಕ್ಕಳು ಬೇಗ ಮುಗಿಸಿ ಜಡೆ ಎಳೆಯುತ್ತ ಕೂರುತ್ತಿದ್ದವು. ಒಂದೊಂದು ಆಸನ ಮುಗಿದು ಎಲ್ಲರೂ ಎದ್ದು ನಿಲ್ಲುವಾಗ ಡೊಂಬಯ್ಯನ ಮುಖ ಹಿಂಡಿದ ಬಟ್ಟೆಯ ಹಾಗಾಗುತ್ತಿತ್ತು. ಮಾಸ್ಟ್ರು ತಲೆ ಕೆರೆದುಕೊಂಡರು. ಮದ್ರಾಸಿನಲ್ಲಿ ಕಲಿಸಿದ್ದೆಲ್ಲ ಒಂದೇ ಅಳತೆಯ ಮೈಗಳಿಗೆ.

ಒಂದು ದಿನ ಮಾತಿಗೆ ಮಾತು ಬಂದು, ಅಷ್ಟು ದೊಡ್ಡ ತೋಟವನ್ನು ಒಬ್ಬನೇ ಹೇಗೆ ಮುಗಿಸುತ್ತಿದ್ದೆ ಎಂದು ಡೊಂಬಯ್ಯನನ್ನು ಕೇಳಿದರು. ಅವನ ಮನೆಮಾತು ತುಳು, ಮಾಸ್ಟ್ರೊಡನೆ ಮಾತ್ರ ಕನ್ನಡ. "ಪ್ರತಿ ಮರಕ್ಕೂ ಇಳಿದು ಹತ್ತುದಿಲ್ಲ ಮಾಸ್ಟ್ರೆ. ತುದಿಯಲ್ಲೇ ಆಚೆ ಮರವನ್ನು ಎಳೆದು ಹಿಡಿದು ದಾಟುದು. ಇಳಿದ್ರೆ ಸುಸ್ತು ಗೊತ್ತಾಗ್ತದೆ, ದಾಟ್ತಾ ಇದ್ರೆ ಗೊತ್ತಾಗುದಿಲ್ಲ," ಎಂದ.

ಮಾಸ್ಟ್ರಿಗೆ ಅದು ತಲೆಗೆ ಹೊಕ್ಕಿತು. ಆಸನಗಳ ನಡುವೆ ಎದ್ದು ನಿಲ್ಲುವುದನ್ನೇ ತೆಗೆದುಹಾಕಿದರು. ಒಂದರ ಕೊನೆ ಇನ್ನೊಂದರ ಮೊದಲಾಗುವಂತೆ ಪೋಣಿಸಿದರು. ಕೈ ಎತ್ತಿದ್ದು ಬಾಗುವುದಕ್ಕೆ, ಬಾಗಿದ್ದು ಕಾಲು ಹಿಂದಕ್ಕೆ ಚಾಚುವುದಕ್ಕೆ, ಚಾಚಿದ್ದು ಮೊಣಕಾಲೂರಿ ಮುದುಡಿ ಕೂರುವುದಕ್ಕೆ. ಪೀಪಿಯನ್ನು ಟ್ರಂಕಿಗೆ ಹಾಕಿದರು. ಎಣಿಕೆಯ ಬದಲು ಉಸಿರು, ಅದೂ ಅವರವರದೇ. ಒಂದೇ ಭಂಗಿಗೆ ಮೂರು ಎತ್ತರ: ಮೈ ಬಾಗುವವರಿಗೆ ನೆಲ, ಅರ್ಧ ಬಾಗುವವರಿಗೆ ಶಾಲೆಯ ಬೆಂಚು, ಬಾಗದವರಿಗೆ ಗೋಡೆ. ಸಿಸಿಲಿ ಬೆಂಚಿನ ಮೇಲೆ ಕೂತು ಸೊಂಟದಿಂದ ಮೇಲಿನದನ್ನು ಪೂರ್ತಿ ಮಾಡುತ್ತಿದ್ದಳು. ಡೊಂಬಯ್ಯ ಗೋಡೆಗೆ ಅಂಗೈ ಊರಿ ಮೊಣಕಾಲು ಮಾತ್ರ ಸಡಿಲಿಸುತ್ತಿದ್ದ. ಬೇಗ ಮುಗಿಸಿದವರು ಮುದುಡಿ ಕೂತು ಕಾಯಬೇಕು. ಬ್ಯಾರಿಗಳ ಉಸಿರು ಬಂದು ಸೇರಿದ ಮೇಲೆ ಎಲ್ಲರೂ ಒಟ್ಟಿಗೆ ಮೇಲಕ್ಕೆ. ಹೊರಗಿನಿಂದ ನೋಡಿದರೆ ಗಾಳಿ ಬಂದಾಗ ಗದ್ದೆಯ ಪೈರು ಬಾಗಿ ಏಳುವ ಹಾಗೆ ಕಾಣುತ್ತಿತ್ತು.

ಆ ಜಗಲಿಗೆ ಒಂದು ಕಟ್ಟಳೆಯನ್ನೂ ಮಾಡಿದ್ದರು. 'ಆಗುದಿಲ್ಲ' ಎಂದು ಯಾರೂ ಯಾರಿಗೂ ಹೇಳಬಾರದು. ತನಗೂ ಹೇಳಿಕೊಳ್ಳಬಾರದು, ಪಕ್ಕದವರಿಗೂ ಹೇಳಬಾರದು. ಆಗದಿದ್ದರೆ ಎತ್ತರ ಬದಲಿಸಬೇಕು, ಅಷ್ಟೆ. ಬದಿಗೆ ಕೂತೇ ಬೆಳೆದವರಿಗೆ ಈ ಮಾತು ಹಾಲು ಕುಡಿದಷ್ಟು ಹಿತವಾಯಿತು. ಮಾಸ್ಟ್ರಿಗೂ ಹಿತವಾಯಿತು. ಅದನ್ನು ನಿತ್ಯ ಹೇಳಿ ಹೇಳಿ ಅವರ ನಾಲಗೆಗೆ ಆ ಒಂದು ಶಬ್ದ ಮರೆತೇಹೋಯಿತು ಎಂದರೂ ಸರಿ.

ಶಿವರಾತ್ರಿಯ ಹೊತ್ತಿಗೆ ಡೊಂಬಯ್ಯ ಕೋಲು ಬಿಟ್ಟ. ಊರು ಬೆರಗಾಯಿತು. ಆದರೆ ಒಳಗಿನ ಸಂಗತಿ ಮಾಸ್ಟ್ರಿಗೆ ಗೊತ್ತಿತ್ತು. ಬೆನ್ನು ಬಾಗುತ್ತಿರಲಿಲ್ಲ, ಅವನು ಬಾಗಿದಂತೆ ಕಾಣುವುದು ಮೊಣಕಾಲಿನ ಉಪಕಾರ. ಜೊತೆಗೆ, ಮೈ ಒಮ್ಮೆಲೆ ತಿರುಗಿದರೆ ಬೆನ್ನು ಕಚ್ಚಿಕೊಳ್ಳುತ್ತಿತ್ತು. ಆಗ ಮಾತೂ ಹೊರಡದೆ, ಬೆವರು ಸುರಿಸುತ್ತ, ನೋವು ಬಿಡುವ ತನಕ ಗೋಡೆ ಹಿಡಿದು ನಿಂತುಬಿಡುತ್ತಿದ್ದ. ಜಗಲಿಯಲ್ಲಿ ಗೋಡೆ ಇತ್ತು, ಸಮಯವೂ ಇತ್ತು.

ಅದೇ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಪುತ್ತೂರಿನಿಂದ ಬ್ಲಾಕ್ ಆಫೀಸಿನವರು ಬರುತ್ತಾರೆಂದು ಸುದ್ದಿಯಾಯಿತು. ಹೆಡ್ಮಾಸ್ಟ್ರು ಕರೆದು, "ನಿಮ್ಮ ಜಗಲಿಯವರನ್ನು ಚಪ್ಪರಕ್ಕೆ ತನ್ನಿ ಮಾರಾಯ್ರೆ. ಹೀಗೊಂದು ಎಲ್ಲಿಯೂ ಇಲ್ಲ," ಎಂದರು. ಹೊಗಳಿಕೆ ಕಿವಿಗೆ ಬಿದ್ದದ್ದೇ ಮಾಸ್ಟ್ರಿಗೆ ನಿದ್ದೆ ಹಾರಿತು. ಚಪ್ಪರದಲ್ಲಿ ಗೋಡೆ ಇಲ್ಲವಲ್ಲ. ಹೊಸದಾಗಿ ಹೆಣೆಯತೊಡಗಿದರು. ಬೆಂಚಿಗೆ ಸೀರೆ ಹೊದಿಸಿ, ಅದರ ಮುಂದೆ ಗಟ್ಟಿ ಮಕ್ಕಳ ಸಾಲು ನಿಲ್ಲಿಸಿದರು. ಬೆಂಚಿನ ತುದಿಯಲ್ಲಿ ಕೂತ ಸಿಸಿಲಿಯ ಪಕ್ಕಕ್ಕೆ ಡೊಂಬಯ್ಯನನ್ನು ಹಾಕಿದರು. ಅವನು ಏಳುವಾಗ ಅವಳ ಹೆಗಲಿಗೆ ಕೈ ಊರಬೇಕು, ಅವಳೂ ಅದೇ ಹೊತ್ತಿಗೆ ಅವನ ತೋಳು ಹಿಡಿಯಬೇಕು. ಕುರ್ಚಿಯಲ್ಲಿ ಕೂತು ನೋಡುವವರಿಗೆ ಅದೂ ಅಭ್ಯಾಸದ ಒಂದು ಭಂಗಿಯೆಂದೇ ಕಾಣಬೇಕು.

ಪೂವಮ್ಮ ಒಮ್ಮೆ ಜಗಲಿಗೆ ಬಂದು ನೋಡಿ, "ಇಲ್ಲಿ ಗೋಡೆ ಹಿಡ್ದರೆ ನಾಚಿಕೆ ಇಲ್ಲ. ಅಲ್ಲಿ ಎಂತಕ್ಕೆ ಅಡಗಿಸುದು?" ಎಂದು ಕೇಳಿದಳು.

"ಅವರ ಮರ್ಯಾದಿಗೆ," ಎಂದರು ಮಾಸ್ಟ್ರು. ಅರ್ಧ ನಿಜ. ಉಳಿದರ್ಧ ಆಲೆಟ್ಟಿಯ ಅಣ್ಣಂದಿರಿಗೆ ಸಲ್ಲಬೇಕಾದದ್ದು.

ಚಪ್ಪರದಲ್ಲಿ ಅಭ್ಯಾಸ ನೀರಿನಂತೆ ಹರಿಯಿತು. ಯಾರ ಉಬ್ಬಸವೂ ಕೇಳಿಸಲಿಲ್ಲ, ಯಾರ ಕುಂಟೂ ಕಾಣಲಿಲ್ಲ, ಯಾರ ಬೆನ್ನೂ ಹಲಗೆಯಂತೆ ತೋರಲಿಲ್ಲ. ಬ್ಲಾಕ್ ಆಫೀಸಿನವರು ಎದ್ದು ನಿಂತು ಚಪ್ಪಾಳೆ ಹೊಡೆದರು. ಮುಂದಿನ ಸಾಲಿನಲ್ಲಿ ಕೂತಿದ್ದ ಬೆಳ್ಯಪ್ಪ ಗೌಡರಂತೂ ಪಕ್ಕದವರ ತೊಡೆ ತಟ್ಟಿ, "ನೋಡಿದ್ರಾ, ನಮ್ಮ ಡೊಂಬಯ್ಯ ಗಟ್ಟಿಯಾದ," ಎಂದು ಸಂತೋಷಪಟ್ಟರು. ಅವರ ಸಂತೋಷದಲ್ಲಿ ಕಪಟ ಇರಲಿಲ್ಲ. ಮಾಸ್ಟ್ರು ಆ ದಿನ ನೆಲದ ಮೇಲೆ ನಡೆಯಲಿಲ್ಲ.

ಮಳೆಗಾಲ ಹತ್ತಿರವಾದಾಗ ಅಡಿಕೆಗೆ ಮದ್ದು ಬಿಡಬೇಕು. ಮೈಲುತುತ್ತು, ಸುಣ್ಣ ಬೆರೆಸಿದ ನೀರನ್ನು ಕೆಳಗಿನಿಂದ ಪಂಪಿನಲ್ಲಿ ಒತ್ತುವುದು, ಮರದ ತುದಿಯಲ್ಲಿ ಕೂತವನು ಗೊನೆಗೆ ಹಾರಿಸುವುದು. ಇದು ತಪ್ಪಿದರೆ ಕೊಳೆರೋಗ ಬಂದು ಕಾಯೆಲ್ಲ ಉದುರಿಹೋಗುತ್ತದೆ. ಆ ವರ್ಷ ಮರ ಹತ್ತುವವರಿಗೆ ಬರಗಾಲ. ಹುಡುಗರೆಲ್ಲ ಕೊಡಗಿನ ಕಾಫಿ ತೋಟಗಳಿಗೆ ಹೋಗಿದ್ದರು. ಗೌಡರಿಗೆ ಚಪ್ಪರದಲ್ಲಿ ಕಂಡದ್ದು ನೆನಪಾಗುವುದು ಸಹಜವೇ.

ಒಂದು ಸಂಜೆ ಡೊಂಬಯ್ಯ ಮಾಸ್ಟ್ರ ಮನೆಯಂಗಳಕ್ಕೆ ಬಂದು ನಿಂತ. "ಧಣಿಗಳು ನಾಳೆ ನಿಮ್ಮನ್ನು ಕೇಳ್ಲಿಕ್ಕೆ ಬರ್ತಾರೆ. ನನ್ನಿಂದ ಆಗುದಿಲ್ಲ ಅಂತ ಮಾತ್ರ ಹೇಳ್ಬೇಡಿ ಮಾಸ್ಟ್ರೆ," ಎಂದ.

"ನಿನ್ನ ಬೆನ್ನು ನನಗೆ ಗೊತ್ತಿಲ್ವಾ? ಮೇಲೆ ಕಚ್ಚಿಕೊಂಡ್ರೆ ಎಂತ ಮಾಡ್ತಿ?"

"ಹತ್ತುದು ಕಷ್ಟ ಇಲ್ಲ, ಮನೆ ಹಿಂದೆ ಬರಿಗಾಲಲ್ಲೇ ಎರಡಾಳೆತ್ತರ ಹತ್ತಿ ನೋಡಿದೆ. ದಾಟುದು ಮಾತ್ರ ಹೆದರಿಕೆ. ದಾಟುದಿಲ್ಲ. ಪ್ರತಿ ಮರಕ್ಕೂ ಇಳಿದೇ ಹತ್ತುತ್ತೇನೆ."

"ಹಾಗೆ ಮಾಡಿದ್ರೆ ಮದ್ದು ಬಿಟ್ಟು ಮುಗಿಯುದು ದೀಪಾವಳಿಗೆ."

ಡೊಂಬಯ್ಯ ನಗಲಿಲ್ಲ. "ನಾನು ಹತ್ತದಿದ್ರೆ ಬೇರೆ ಜನ ಬರ್ಬೇಕು. ಬಂದವನಿಗೆ ಬಿಡಾರ ಬೇಡವಾ? ಇರುದು ಅದೊಂದೇ. ಸೇಸುವನ್ನು ಕರ್ಕೊಂಡು ನಾನು ಎಲ್ಲಿಗೆ ಹೋಗುದು?"

ಮಾಸ್ಟ್ರು ಎರಡನ್ನೂ ತೂಗಿ ನೋಡಿದರು. ನಿಜ ಹೇಳಿದರೆ ಇವನ ಸೂರು ಹೋಗುತ್ತದೆ, ಹೇಳದಿದ್ದರೆ ಇವನು ಮರ ಹತ್ತುತ್ತಾನೆ. ಗೌಡರೇ ಹಾಗೆಂದರೇ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಬಿಡಾರದಲ್ಲಿ ಇರುವವನ ಹೆದರಿಕೆಗೆ ಯಾರೂ ಪುರಾವೆ ಕೇಳುವುದಿಲ್ಲ.

ಬೇಸಿಗೆ ರಜೆಯಲ್ಲೂ ಅಭ್ಯಾಸ ನಿಂತಿರಲಿಲ್ಲ; ಮರುದಿನ ಅದು ಮುಗಿಯುವ ಹೊತ್ತಿಗೆ ಗೌಡರು ಛತ್ರಿ ಊರಿಕೊಂಡು ಜಗಲಿಗೆ ಬಂದರು. ಎಲ್ಲರೂ ಅಲ್ಲೇ ಇದ್ದರು. ಡೊಂಬಯ್ಯ ಗೋಡೆ ಬಿಟ್ಟು ನೆಟ್ಟಗೆ ನಿಂತ.

"ಇವ ಹತ್ತುತ್ತೇನೆ ಹೇಳ್ತಾನೆ. ನನಗೆ ಧೈರ್ಯ ಇಲ್ಲ. ಇವನ ಮೈ ಬಲ್ಲವರು ನೀವು. ನೀವು ಹೇಳಿದ ಹಾಗೆ ಮಾಡುವ," ಎಂದರು ಗೌಡರು.

ಇದಕ್ಕಿಂತ ನೇರವಾಗಿ ಯಾರು ಕೇಳಿಯಾರು? ಮಾಸ್ಟ್ರು ಡೊಂಬಯ್ಯನ ಮುಖ ನೋಡಿದರು. ಅವನ ಕಣ್ಣು ಬೇಡುತ್ತಿತ್ತು. ಸಿಸಿಲಿ, ಆದಂ ಕುಂಞಿ, ಮಕ್ಕಳು, ಎಲ್ಲರೂ ಮಾಸ್ಟ್ರನ್ನೇ ನೋಡುತ್ತಿದ್ದರು. ಇಷ್ಟು ಜನರೆದುರು, ಈ ಜಗಲಿಯಲ್ಲೇ, ಒಬ್ಬನಿಗೆ ಆಗುವುದಿಲ್ಲ ಎನ್ನಬೇಕು. ಹಾಗೆಂದರೆ ಚಪ್ಪರದಲ್ಲಿ ತೋರಿಸಿದ್ದು ಬರೀ ಹೊದಿಕೆ ಎಂದೂ ಒಪ್ಪಬೇಕು. ಗೌಡರನ್ನು ಬದಿಗೆ ಕರೆದು ಹೇಳಬಹುದಿತ್ತು. ಹೊಳೆಯಲಿಲ್ಲವೋ, ಹೊಳೆದದ್ದನ್ನು ಒತ್ತಿಟ್ಟರೋ, ಅವರಿಗೇ ಗೊತ್ತು.

"ಮೊದಲಿನಿಂದ ಎಷ್ಟೋ ಸುಧಾರಿಸಿದ್ದಾನೆ. ಅವಸರ ಮಾಡದೆ, ಇಳಿದು ಹತ್ತಿ ಮಾಡಿದ್ರೆ ಆಗ್ತದೆ," ಎಂದರು.

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಗೌಡರಿಗೆ ಅದರಲ್ಲಿ ಕೇಳಿಸಿದ್ದು 'ಆಗ್ತದೆ' ಎಂಬುದೊಂದೇ. ಡೊಂಬಯ್ಯನಿಗೂ ಅಷ್ಟೇ ಸಾಕಿತ್ತು.

ಕೆಲಸ ಶುರುವಾದ ದಿನ ಅವನು ಮಾತಿಗೆ ತಪ್ಪಲಿಲ್ಲ. ಪ್ರತಿ ಮರವನ್ನೂ ಇಳಿದು ಹತ್ತಿದ. ಮಧ್ಯಾಹ್ನದ ಮೇಲೆ ಪಡುವಣದಲ್ಲಿ ಮೋಡ ಕಟ್ಟಿತು. ಬಿಟ್ಟ ಮದ್ದು ಒಣಗುವ ಮೊದಲು ಮಳೆ ಬಂದರೆ ಎಲ್ಲ ತೊಳೆದುಹೋಗುತ್ತದೆ, ಬೆರೆಸಿಟ್ಟದ್ದೂ ನಾಳೆಗೆ ಬಾರದು. ಪಂಪು ಒತ್ತುವವರು ಕೆಳಗಿನಿಂದ ಬೇಗ ಬೇಗ ಎನ್ನತೊಡಗಿದರು. ದಾಟು ಎಂದು ಯಾರೂ ಹೇಳಲಿಲ್ಲ. ಡೊಂಬಯ್ಯ ತಾನಾಗಿ ದಾಟಿದ. ಒಂದು ದಾಟಿದ, ಸರಿಯಾಯಿತು. ಇನ್ನೊಂದೂ ಸರಿಯಾಯಿತು. ಮುಂದಿನದರಲ್ಲಿ ಕೈ ಆಚೆಯ ಮರಕ್ಕೆ ಹೋಗಿತ್ತು, ಕಾಲು ಈಚೆಯದರಲ್ಲೇ ಇತ್ತು. ಮೈ ತಿರುಗಿತು. ಬೆನ್ನು ಕಚ್ಚಿಕೊಂಡಿತು.

ಕೆಳಗಿದ್ದವರು ಕತ್ತೆತ್ತಿದಾಗ ಅವನು ಎರಡು ಮರಗಳ ನಡುವೆ ಅಲುಗದೆ ಇದ್ದ. ಕೂಗಲಿಲ್ಲ; ಆ ನೋವಿನಲ್ಲಿ ಅವನಿಗೆ ಮಾತು ಹೊರಡುತ್ತಿರಲಿಲ್ಲ ಎಂಬುದು ಜಗಲಿಯವರಿಗೆ ಗೊತ್ತು, ತೋಟದವರಿಗೆ ಗೊತ್ತಿಲ್ಲ. ಎಂತ ನಿಂತದ್ದು ಎಂದು ಇವರು ಕೇಳುತ್ತಿರುವಾಗಲೇ ಕೈ ಬಿಟ್ಟಿತು. ಪುತ್ತೂರಿಗೆ ಒಯ್ಯಲು ಜೀಪು ಹುಡುಕಲು ಹೋದವನು ತಿರುಗಿ ಬರುವ ಮೊದಲೇ ಎಲ್ಲ ಮುಗಿದಿತ್ತು.

ಮಾಸ್ಟ್ರು ಓಡಿ ಬಂದಾಗ ಗೌಡರು ತೋಟದ ಕಟ್ಟೆಯ ಮೇಲೆ ತಲೆಗೆ ಕೈಹೊತ್ತು ಕೂತಿದ್ದರು. ಬಿಡಾರದ ಮಾತನ್ನು ಮಾಸ್ಟ್ರು ತಡೆಯಲಾರದೆ ಅಲ್ಲೇ ಹೇಳಿಬಿಟ್ಟರು.

ಗೌಡರು ಅವರನ್ನು ದಿಟ್ಟಿಸಿ ನೋಡಿದರು. "ಬಿಡಾರ ಬಿಡಿಸುದಾ? ಎರಡು ವರ್ಷ ಅಕ್ಕಿ ಕೊಟ್ಟವ ಮೂರನೇ ವರ್ಷಕ್ಕೆ ಹೊರಗೆ ಹಾಕ್ತಿದ್ದೆನಾ? ನಿಮ್ಮನ್ನು ಕೇಳಿದ್ದೆ ಅಲ್ವಾ ಮಾಸ್ಟ್ರೆ, ಎಲ್ಲರ ಎದುರು. ನೀವು ಒಂದು ಮಾತು ಹೇಳಿದ್ರೆ ನಾನು ಹತ್ತಿಸ್ತಿರ್ಲಿಲ್ಲ."

ಹಾಕುತ್ತಿದ್ದರೋ ಇಲ್ಲವೋ, ಆ ದೇವರೇ ಬಲ್ಲ. ಹೆಣದ ಎದುರು ಎಲ್ಲರೂ ಉದಾರಿಗಳೇ. ಆದರೆ ಕೊನೆಯ ಮಾತು ಮಾತ್ರ ನಿಜವಾಗಿತ್ತು.

ಶಾಲೆ ತೆರೆಯಿತು, ಮಳೆ ಹಿಡಿಯಿತು. ಜಗಲಿಯಲ್ಲಿ ಚಾಪೆ ಹಾಸಲಿಲ್ಲ. ಮೈದಾನದ ಡ್ರಿಲ್ಲಿಗೆ ಟ್ರಂಕಿನ ಪೀಪಿ ಹೊರಗೆ ಬಂತು. ಒಂದು ಬೆಳಿಗ್ಗೆ ಆದಂ ಕುಂಞಿ ಬ್ಯಾರಿ ಏದುಸಿರು ಬಿಡುತ್ತ ಮನೆಗೇ ಬಂದರು. "ಅವ ಹೋದದ್ದಕ್ಕೆ ನಮ್ಮ ಉಸಿರು ಎಂತ ತಪ್ಪು ಮಾಡಿದ್ದು ಮಾಸ್ಟ್ರೆ? ಆ ಮಾಣಿಯ ಮಗಳು ದಿನಾ ಬಂದು ಜಗಲಿಯಲ್ಲಿ ಕೂತು ಹೋಗ್ತಾಳೆ," ಎಂದರು.

"ಮೊದಲು ಸೇಸಮ್ಮನ ಹತ್ರ ಹೋಗ್ಬೇಕು ಬ್ಯಾರಿಗಳೇ. ಅಲ್ಲಿಗೆ ಹೋಗದೆ ಇಲ್ಲಿ ಹೇಗೆ ನಿಲ್ಲುದು?" ಎಂದರು ಮಾಸ್ಟ್ರು.

ಸತ್ತವರಿಗೆ ಮಾಡುವ ಬೊಜ್ಜ ಕಳೆದಿತ್ತು. ಸೇಸಮ್ಮ ಬಿಡಾರದಲ್ಲೇ ಇದ್ದಳು, ಗೌಡರು ಕಳಿಸಿರಲಿಲ್ಲ. ಮಾಸ್ಟ್ರನ್ನು ಕಂಡು ಚಾವಡಿಗೆ ಮಣೆ ಹಾಕಿದಳು. ಬಯ್ಯುತ್ತಾಳೆ, ಅತ್ತು ಶಾಪ ಹಾಕುತ್ತಾಳೆ ಎಂದುಕೊಂಡು, ಅದನ್ನೆಲ್ಲ ಹೊರಲು ಸಿದ್ಧರಾಗಿಯೇ ಬಂದಿದ್ದರು ಅವರು. ಅವಳು ಕಂಬಕ್ಕೆ ಒರಗಿ ನಿಂತಳು.

"ಗೌಡ್ರ ಎದುರು ನಾನು ಹೇಳಿದ್ದು ಸರಿಯಲ್ಲ ಸೇಸಮ್ಮ. ಅವನ ಬೆನ್ನು ವಾಸಿಯಾಗಿರ್ಲಿಲ್ಲ. ಅದು ನನಗೆ ಗೊತ್ತಿತ್ತು," ಎಂದರು.

"ನನಗೂ ಗೊತ್ತಿತ್ತು ಮಾಸ್ಟ್ರೆ," ಎಂದಳು ಸೇಸಮ್ಮ. "ದಿನಾ ಎಣ್ಣೆ ಹಾಕಿ ತಿಕ್ಕುದು ನಾನಲ್ವಾ? ಎಲ್ಲಿ ಮುಟ್ಟಿದ್ರೆ ಜೀವ ಹೋಗ್ತದೆ ಅಂತ ನನ್ನ ಕೈಗೆ ಗೊತ್ತುಂಟು. ಮೊದಲು ಬಿದ್ದ ದಿನವೇ ಅವರ ತಳೆಯನ್ನು ಅಡಗಿಸಿಟ್ಟಿದ್ದೆ. ಮರ ಹತ್ತುವಾಗ ಕಾಲಿಗೆ ಹಾಕುವ ಹಗ್ಗ. ಬೇರೆ ತಳೆ ಅವರ ಕಾಲಿಗೆ ಒಗ್ಗುದಿಲ್ಲ. ಕೇಳಿದಾಗೆಲ್ಲ ಒಲೆಗೆ ಹಾಕಿದೆ ಅಂತ ಹೇಳ್ತಿದ್ದೆ."

ಅವಳೇ ಮುಂದುವರಿಸಿದಳು. "ನೀವು ಹೇಳಿದ ದಿನ ಕುಣ್ಕೊಂಡು ಬಂದ್ರು. ಬೇಡ ಹೇಳಿದೆ. ಮಾಸ್ಟ್ರೇ ಆಗ್ತದೆ ಹೇಳಿದ್ದಾರೆ, ನಿನಗೆಂತ ಗೊತ್ತು ಅಂತ ಕೇಳಿದ್ರು. ನೀವು ಕಲಿತವರು. ನೀವು ಹೇಳಿದ ಮೇಲೆ ನನ್ನ ಕೈ ಹೇಳಿದ್ದಕ್ಕೆ ಬೆಲೆ ಉಂಟಾ? ನಾನೇ ತೆಗೆದು ಕೊಟ್ಟೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತನ್ನ ತಪ್ಪನ್ನು ಹೇಳಿಕೊಳ್ಳುವವಳ ಹಾಗೆ ಮಾತಾಡುತ್ತಿದ್ದಳು. ಮಾಸ್ಟ್ರಿಗೆ ತಡೆಯಲಾಗದೆ ಹೋದದ್ದು ಅದು. ತಪ್ಪು ನಿನ್ನದಲ್ಲ ಎಂದು ಹೇಳಲು ಬಾಯಿ ತೆರೆದರು. ಆದರೆ ಅವರ ಮಾತನ್ನು ನಂಬಿಯೇ ಈ ಹೆಂಗಸು ಇಲ್ಲಿ ಹೀಗೆ ನಿಂತಿದ್ದಾಳೆ. ಇನ್ನು ಯಾವ ಮಾತನ್ನು ನಂಬು ಎಂದು ಹೇಳುವುದು?

ಸೇಸಮ್ಮ ಒಳಗೆ ಹೋಗಿ ಎಲೆಅಡಿಕೆಯ ತಟ್ಟೆ ತಂದು ಅವರ ಮುಂದೆ ಇಟ್ಟಳು. ಮನೆಗೆ ಬಂದವರಿಗೆ ಇಡುವುದು ಕ್ರಮ. ಮಾಸ್ಟ್ರು ಒಂದು ಹೋಳು ಅಡಿಕೆ ಎತ್ತಿಕೊಂಡರು. ಬಾಯಿಗೆ ಹಾಕಲೂ ಆಗದೆ, ತಿರುಗಿ ತಟ್ಟೆಗೆ ಇಡಲೂ ಆಗದೆ, ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕೂತರು.